ಹೆಸರಿಲ್ಲದ ಕಡತಗಳಲ್ಲಿ ಒಂದು ಟಪಾಲು

“ಇದಕ್ಕ ಫಾರ್ಮ್ಯಾಟ್ ಹೊಡದಾಂವ ಯಾಂವ್ರಿ?”

ನಾನು ಕೇಳಿದ ಮೊದಲ ಪ್ರಶ್ನೆಯೇ ಅದು. ಕೇಳಿದ ರೀತಿ ಸರಿಯಿರಲಿಲ್ಲ, ಒಪ್ಪುತ್ತೇನೆ. ಶಹಾಪುರದ ಬಸ್ ನಿಲ್ದಾಣದ ಹಿಂದಿರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಸುರಪುರದಿಂದ ಒಬ್ಬ ಶಾಲಾ ಶಿಕ್ಷಕಿ ಬಂದಿದ್ದರು. ಹಾರ್ಡ್ ಡಿಸ್ಕೊಂದನ್ನು ಟವೆಲಿನಲ್ಲಿ ಸುತ್ತಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನನ್ನ ಯಂತ್ರಕ್ಕೆ ಹಚ್ಚಿ ನೋಡಿದರೆ ಒಳಗೆ ಹೊಸದಾಗಿ ಹಾಕಿದ ವಿಂಡೋಸ್ ಬಿಟ್ಟು ಬೇರೇನೂ ಇರಲಿಲ್ಲ.

“ನಮ್ಮ ಮೈದುನಾರು. ಚಾಲೂ ಆಗವಲ್ದು ಅಂತ ಯಾರಿಗೋ ತೋರಿಸಿದ್ರು. ಅವರು ಸಾಫ್ ಮಾಡಿ ಕೊಟ್ರು” ಎಂದರು ಶಿಕ್ಷಕಿ.

ಸಾಫ್ ಮಾಡಿ ಕೊಟ್ಟರಂತೆ! ನಮ್ಮ ಕಡೆ ಕಂಪ್ಯೂಟರಿನ ಯಾವ ರೋಗಕ್ಕೂ ಒಂದೇ ಔಷಧ. ನಿಧಾನವಾಯಿತೇ, ಫಾರ್ಮ್ಯಾಟ್ ಹೊಡಿ. ವೈರಸ್ ಬಂತೇ, ಫಾರ್ಮ್ಯಾಟ್ ಹೊಡಿ. ಪ್ರಿಂಟರ್ ಕಾಗದ ನುಂಗಿದರೂ ಫಾರ್ಮ್ಯಾಟ್ ಹೊಡೆಯುವ ಮಹಾನುಭಾವರಿದ್ದಾರೆ. ನಾನು ಇನ್ನೂ ಎರಡು ಮಾತು ಬೈಯುವವಳಿದ್ದೆ. ಆದರೆ ಆಕೆ ಸ್ಟೂಲಿನ ಮೇಲೆ ಕೂತು ಟವೆಲನ್ನು ನಾಲ್ಕು ಮಡಿಕೆ ಮಾಡುತ್ತಿದ್ದರು, ಬಿಚ್ಚಿ ಮತ್ತೆ ಮಡಚುತ್ತಿದ್ದರು. ನಾನು ಬಾಯಿ ಮುಚ್ಚಿಕೊಂಡೆ.

“ಏನ್ ಬೇಕಾಗಿತ್ರಿ ಅಕ್ಕೋರ ಇದರಾಗಿಂದು?” ಶಿಕ್ಷಕಿಯರನ್ನು ನಾವು ಅಕ್ಕೋರು ಎಂದೇ ಕರೆಯುವುದು.

“ಒಂದು ಪತ್ರ.”

“ಯಾರದು?”

“ನಮ್ಮ ಮನಿಯವರದು.”

ಅವರ ಗಂಡ ನಾರಾಯಣಪುರದ ನೀರಾವರಿ ಕಚೇರಿಯಲ್ಲಿ ಟಪಾಲು ಗುಮಾಸ್ತರಾಗಿದ್ದರು. ಬಂದ ಪತ್ರಕ್ಕೆ ಸಂಖ್ಯೆ ಕೊಡುವುದು, ಹೋಗುವ ಪತ್ರಕ್ಕೆ ಸಂಖ್ಯೆ ಕೊಡುವುದು, ಎರಡನ್ನೂ ಸರಿಯಾದ ಕಡತಕ್ಕೆ ಸೇರಿಸುವುದು ಅವರ ಕೆಲಸ. ಆಕೆಗೆ ಆಗ ಗುರುಮಠಕಲ್ ಕಡೆಯ ಶಾಲೆ. ಅವರು ಅಣೆಕಟ್ಟೆಯ ಕ್ವಾರ್ಟರ್ಸಿನಲ್ಲಿ, ಇವರು ಜಿಲ್ಲೆಯ ಆ ತುದಿಯಲ್ಲಿ. ಗಂಡನಿಗೆ ಮಾತು ಕಡಿಮೆ. ಫೋನಿನಲ್ಲಿ ‘ಹೂಂ’, ‘ಆತು’, ‘ಫೋನ್ ಇಡ್ಲಿ?’ ಇಷ್ಟೇ. ಆದರೆ ಕ್ವಾರ್ಟರ್ಸಿಗೆ ತಂತಿಯ ಇಂಟರ್ನೆಟ್ ಬಂದ ಮೇಲೆ ದಿನಾ ಕಚೇರಿ ಮುಗಿಸಿ ಬಂದು ಹೆಂಡತಿಗೆ ಒಂದು ಇಮೇಲ್ ಬರೆಯುತ್ತಿದ್ದರು. ಆಕೆ ಮರುದಿನ ಶಾಲೆಯ ಕಂಪ್ಯೂಟರಿನಲ್ಲಿ ಓದುತ್ತಿದ್ದರು.

“ಬಾಯಿ ಮಾತಿಗೆ ಕಿಮ್ಮತ್ತಿಲ್ಲ, ಏನಿದ್ರೂ ಬರವಣಿಗೀದಾಗ ಬರಬೇಕು ಅಂತಿದ್ರು. ಮನ್ಯಾಗೂ ಕಚೇರಿ ಕಾನೂನಽ” ಎಂದು ಸ್ವಲ್ಪ ನಕ್ಕರು ಅಕ್ಕೋರು.

ಹೀಗೇ ಕೆಲವು ವರ್ಷ ಕಳೆದ ಮೇಲೆ ಆಕೆಗೆ ಸಾಕಾಗಿ ಒಂದು ಮೇಲ್ ಬರೆದರಂತೆ. ಇನ್ನೂ ಎಷ್ಟು ದಿನ ಹೀಗೆ, ನೀವಾದರೂ ಬನ್ನಿ, ಇಲ್ಲಾ ನನ್ನನ್ನಾದರೂ ಕರೆದುಕೊಳ್ಳಿ ಎಂದು. ನಾಲ್ಕು ದಿನ ಉತ್ತರವಿಲ್ಲ. ಐದನೇ ದಿನ ಉತ್ತರ ಬಂತು, ಆದರೆ ಇವರು ಅದನ್ನು ತೆರೆಯಲಿಲ್ಲ. ಸಿಟ್ಟು ಒಂದು ಕಡೆ, ‘ಬ್ಯಾಡ’ ಎಂದು ಬರೆದಿದ್ದರೆ ಏನು ಗತಿ ಎಂಬ ಅಂಜಿಕೆ ಒಂದು ಕಡೆ. ಆಮೇಲೆ ಅವರೇ ಫೋನ್ ಮಾಡಿ, “ಓದಿದಿ?” ಎಂದು ಕೇಳಿದರು. ಇವರು ಸೆಟೆದುಕೊಂಡು “ಓದೀನಿ” ಎಂದುಬಿಟ್ಟರು. ಓದಿರಲಿಲ್ಲ.

“ಮುಂದ ಅವರು ಆ ಮಾತಽ ಎತ್ತಲಿಲ್ಲ. ವರ್ಗಾವಣಿಗೂ ಹಾಕಲಿಲ್ಲ. ಹಂಗಂದ್ರ ಬ್ಯಾಡ ಅಂತಽ ಬರದಿರಬೇಕು ಅಂತ ನಾನೂ ಕೇಳಲಿಲ್ಲ. ದಿನಾ ಬರೂ ಇಮೇಲೂ ನಿಂತವು. ಎರಡು ವರ್ಷದ ಹಿಂದ ಅಲ್ಲೇ ಕ್ವಾರ್ಟರ್ಸಿನಾಗ ಎದಿ ಹಿಡಕೊಂಡು ಹೋಗಿಬಿಟ್ರು. ನಾ ಬಂದು ಮುಟ್ಟೂದ್ರಾಗ ಎಲ್ಲಾ ಮುಗದಿತ್ತು.”

ಆಮೇಲೆ ಆಕೆ ತಮ್ಮ ಮೇಲ್ ಖಾತೆ ತೆರೆಯಲು ಹೋದರೆ, ಬಹಳ ಕಾಲ ಬಳಸದ ಕಾರಣ ಅದು ರದ್ದಾಗಿತ್ತು. ಉಳಿದಿದ್ದು ಗಂಡನ ಕಂಪ್ಯೂಟರ್ ಒಂದೇ. ಅದನ್ನು ಮೈದುನ ಸಾಫ್ ಮಾಡಿಸಿದ್ದ.

“ಬ್ಯಾಡ ಅಂದಿದ್ರೂ ಅಡ್ಡಿಲ್ಲ ತಂಗಿ. ಏನ್ ಬರದಿದ್ರು ಅನ್ನೂದು ಒಮ್ಮೆ ಓದಬೇಕು” ಎಂದು ಟವೆಲನ್ನು ಚೀಲಕ್ಕೆ ಹಾಕಿದರು.

ಫಾರ್ಮ್ಯಾಟ್ ಹೊಡೆದರೆ ಎಲ್ಲವೂ ಅಳಿಯುವುದಿಲ್ಲ. ಕಡತಗಳ ಹೆಸರು, ಜಾಗ, ತಾರೀಖು ಬರೆದಿಟ್ಟ ಪಟ್ಟಿ ಹೋಗುತ್ತದೆ, ಸರಕು ಅಲ್ಲಲ್ಲೇ ಬಿದ್ದಿರುತ್ತದೆ. ಹೆಸರಿಲ್ಲದ ಕಡತವನ್ನು ಗುರುತಿಸುವುದು ಅದರ ಮೊದಲ ಕೆಲವು ಬೈಟುಗಳಿಂದ, ಎಂದರೆ ಯಂತ್ರ ಜೋಡಿ ಜೋಡಿಯಾಗಿ ಬರೆದಿಡುವ ಅಂಕಿಗಳಿಂದ. ದೂರದಲ್ಲಿ ಹೋಗುವವನ ಮುಖ ಕಾಣದಿದ್ದರೂ ನಡಿಗೆ ನೋಡಿ ಇವನು ಇಂಥವರ ಮನೆಯವನು ಎನ್ನುತ್ತೇವಲ್ಲ, ಅಷ್ಟೇ ವಿದ್ಯೆ. ಫೋಟೊ FF D8 FF ಎಂದು ಶುರುವಾಗುತ್ತದೆ. ಔಟ್‌ಲುಕ್ ಎಂಬ ಮೇಲ್ ತಂತ್ರಾಂಶ ಎಲ್ಲ ಪತ್ರಗಳನ್ನೂ ಒಂದೇ ದೊಡ್ಡ ಪೆಟ್ಟಿಗೆಯಲ್ಲಿ ತುಂಬಿಡುತ್ತದೆ, ಆ ಪೆಟ್ಟಿಗೆಯ ಗುರುತು 21 42 44 4E. ಅಕ್ಕೋರ ಗಂಡ ಔಟ್‌ಲುಕ್ ಬಳಸುತ್ತಿದ್ದರೆಂದು ಗೊತ್ತಾದ ಮೇಲೆ ನಾನು ಹುಡುಕಬೇಕಾದದ್ದು ಈ ನಾಲ್ಕು ಜೋಡಿ ಅಂಕಿಗಳನ್ನು. ಎರಡು ದಿನದ ಕೆಲಸ ಎಂದು ಜಂಬದಿಂದ ಹೇಳಿ ಕಳಿಸಿದೆ.

ಮೊದಲ ತಪ್ಪು ಅಲ್ಲೇ ಆಯಿತು. ಹಳೆಯ ಡಿಸ್ಕ್ ಕೈಗೆ ಬಂದರೆ ಮೊದಲು ಅದರ ಪೂರ್ತಿ ಪ್ರತಿ ತೆಗೆದುಕೊಳ್ಳಬೇಕು, ಆಮೇಲೆ ಹುಡುಕಾಟವೆಲ್ಲ ಪ್ರತಿಯ ಮೇಲೆ ನಡೆಯಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಪ್ರತಿ ತೆಗೆಯಲೆಂದು ಇಟ್ಟಿದ್ದ ನನ್ನ ಡಿಸ್ಕಿನ ತುಂಬ ಯಾರದೋ ಮದುವೆಯ ವಿಡಿಯೊ ಇತ್ತು. ಅವರು ಒಯ್ಯಲು ಬಂದಿರಲಿಲ್ಲ. ಹೋಗಲಿ ಬಿಡು ಎಂದು ಮೂಲ ಡಿಸ್ಕನ್ನೇ ನೇರವಾಗಿ ಓಡಿಸಿದೆ. ತಂತ್ರಾಂಶ ಅದನ್ನು ಮೊದಲಿಂದ ಕೊನೆಯವರೆಗೆ ಓದಿ, ಸಿಕ್ಕಿದ್ದನ್ನು ಗುರುತುಗಳ ಪ್ರಕಾರ ನನ್ನ ಯಂತ್ರದ ಬೇರೆ ಬೇರೆ ಫೋಲ್ಡರಿಗೆ ಹಾಕತೊಡಗಿತು. ಮೊದಲ ಭಾಗ ಓದುವಾಗಲೇ ಡಿಸ್ಕ್ ಒಳಗಿನಿಂದ ಆಗಾಗ ಟಕ್ ಎನ್ನಲು ಶುರುಮಾಡಿತು. ಆ ಸದ್ದು ಒಳ್ಳೆಯದಲ್ಲ.

ಮರುದಿನ 21 42 44 4E ಒಂದು ಸಿಕ್ಕಿತು. ಒಬ್ಬಳೇ ಚಪ್ಪಾಳೆ ಹೊಡೆದೆ. ತೆರೆದರೆ ಪೆಟ್ಟಿಗೆ ಖಾಲಿ! ಬಂದ ಪತ್ರಗಳಿಲ್ಲ, ಕಳಿಸಿದವಿಲ್ಲ, ಕಸದ ಬುಟ್ಟಿಯೂ ಗುಡಿಸಿಟ್ಟಂತಿತ್ತು. ಅಳಿಸಿದ ಪತ್ರಗಳ ಚೂರಾದರೂ ಒಳಗೆ ಉಳಿದಿರಬಹುದೆಂದು ರಿಪೇರಿ ಉಪಕರಣ ಹಚ್ಚಿದೆ. ಪೆಟ್ಟಿಗೆಯನ್ನೂ ಅಕ್ಕೋರ ಗಂಡ ಆಗಾಗ ಒತ್ತಿ ಚಿಕ್ಕದು ಮಾಡಿಡುತ್ತಿದ್ದರು, ಏನೂ ಉಳಿದಿರಲಿಲ್ಲ. ಇಷ್ಟು ಶಿಸ್ತಿನ ಗಂಡಸನ್ನು ನಾನು ಕಂಡಿಲ್ಲ, ಬಾಯಿಗೆ ಬಂದಂತೆ ಬೈದುಕೊಂಡೆ. ಬೇರೆ ನಮೂನೆಯ ಇಮೇಲ್ ಕಡತಗಳಿಗೆ ಗುರುತಿನ ಬೈಟುಗಳಿರುವುದಿಲ್ಲ, ‘Received:’ ಎಂಬಂಥ ಸಾದಾ ಅಕ್ಷರಗಳಿಂದ ಶುರುವಾಗುತ್ತವೆ. ಅವನ್ನೂ ಹುಡುಕಿದೆ. ಸಿಕ್ಕಿದ್ದು ವಿದ್ಯುತ್ ಬಿಲ್ಲಿನ ನೆನಪೋಲೆಗಳು.

ಇನ್ನು ಉಳಿದಿದ್ದು D0 CF 11 E0 ಎಂದು ಶುರುವಾಗುವ ಒಂದು ದೊಡ್ಡ ರಾಶಿ. ಅದು ಹಳೆಯ ವರ್ಡ್ ಕಡತಗಳ ಗುರುತು, ನನ್ನ ತಂತ್ರಾಂಶ ಎಲ್ಲಕ್ಕೂ .doc ಎಂದು ಹೆಸರಿಟ್ಟಿತ್ತು. ಕಚೇರಿಯ ಟೈಪಿಂಗನ್ನು ಮನೆಗೆ ತರುತ್ತಿದ್ದ ಗುಮಾಸ್ತ, ವರ್ಡ್ ಕಡತ ಇದ್ದದ್ದೇ. ಹತ್ತು ತೆರೆದು ನೋಡಿದೆ. ಆರು ಕಾಲುವೆ ದುರಸ್ತಿಯ ಜ್ಞಾಪನಗಳು. ನಾಲ್ಕು ತೆರೆಯಲೇ ಇಲ್ಲ, ಕಡತ ಹಾಳಾಗಿದೆ ಎಂದು ವರ್ಡ್ ಹೇಳಿತು. ಇವು ಎಲ್ಲಿ ಮುಗಿಯುತ್ತವೆ ಎಂದು ತಿಳಿಯದೆ ತಂತ್ರಾಂಶ ಒಂದೊಂದಕ್ಕೂ ದೊಡ್ಡ ದೊಡ್ಡ ತುಂಡು ಕತ್ತರಿಸಿಟ್ಟಿದ್ದರಿಂದ ಜಾಗವೆಲ್ಲ ತುಂಬಿ ಹೋಗಿತ್ತು. ಇಡೀ ರಾಶಿಯನ್ನು ಅಳಿಸಿಬಿಟ್ಟೆ.

ಇಲ್ಲ ಎನ್ನುವುದನ್ನು ಫೋನಿನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಮರುದಿನ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಸುರಪುರದ ಬಸ್ ಹತ್ತಿದೆ. ಅಕ್ಕೋರ ಮನೆ ಗುಡ್ಡದ ಬುಡಕ್ಕೆ ಇತ್ತು. ಹೊರಗೆ ಕಲ್ಲು ಕಾದು ಕಾಲಿಡಲಾಗದ ಬಿಸಿಲು. ಒಳಗೆ ಕೂರಿಸಿ ಮಜ್ಜಿಗೆ ಕೊಟ್ಟರು.

“ಸಿಗಲಿಲ್ರಿ ಅಕ್ಕೋರ. ಇಮೇಲಿನ ಪೆಟಗಿ ಸಿಕ್ತು, ಆದ್ರ ಖಾಲಿ ಐತಿ.”

ಅವರು ಎದ್ದು ಗೋಡೆಯ ಅಲಮಾರಿ ತೆರೆದರು. ಅವರ ಗಂಡನ ವಸ್ತುಗಳೆಲ್ಲ ಅದರಲ್ಲಿದ್ದವು. ಪ್ರತಿ ಕಾಗದಕ್ಕೂ ಒಂದು ಪ್ರತ್ಯೇಕ ಲಕೋಟೆ, ಪ್ರತಿ ಲಕೋಟೆಯ ಮೇಲೂ ಸಂಖ್ಯೆ. ಯಾರದೋ ಮದುವೆ ಕಾರ್ಡಿಗೂ ಸಂಖ್ಯೆ! ಗ್ಯಾಸ್ ಒಲೆಯ ಗ್ಯಾರಂಟಿ ಚೀಟಿಗೂ ಸಂಖ್ಯೆ.

“ಖಾಲಿ ಇರೂದಽ ಅದು” ಎಂದರು ಅಕ್ಕೋರು. “ಬಂದ ಟಪಾಲು ಪೆಟಗ್ಯಾಗ ಕೂಡಬಾರದು ಅಂತಿದ್ರು. ಸಂಜಿಕ್ ಪೆಟಗಿ ಖಾಲಿ ಇದ್ರಽ ಅವರಿಗೆ ನಿದ್ದಿ. ಇಮೇಲೂ ಹಂಗಽ, ಒಂದೊಂದಽ ಮೌಸಿಂದ ಹಿಡದು ಎಳದು ಎಳದು ಹೊರಗ ಹಳದಿ ಫೋಲ್ಡರಿನಾಗ ಹಾಕ್ತಿದ್ರು. ನಂದು ಬಂದದ್ದು ಒಂದರಾಗ, ಅವರು ಕಳಿಸಿದ್ದು ಒಂದರಾಗ. ಸಾಲಿ ಸೂಟಿಗೆ ಹೋದಾಗ ನೋಡಿ ನಗತಿದ್ದೆ ನಾನು.”

ಮಜ್ಜಿಗೆ ಲೋಟ ನನ್ನ ಕೈಯಲ್ಲೇ ಉಳಿಯಿತು. ಔಟ್‌ಲುಕ್‌ನಿಂದ ಒಂದು ಪತ್ರವನ್ನು ಹೊರಗೆಳೆದು ಫೋಲ್ಡರಿಗೆ ಹಾಕಿದರೆ ಅದು ಒಂಟಿ ಪತ್ರದ ಕಡತವಾಗುತ್ತದೆ, .msg ಎಂದು ಅದರ ಬಾಲ. ಅದರ ತಲೆಯಲ್ಲಿರುವ ಗುರುತು ಯಾವುದು ಗೊತ್ತೇ? D0 CF 11 E0. ವರ್ಡಿಗೂ ಅದೇ, ಎಕ್ಸೆಲ್ಲಿಗೂ ಅದೇ, ಒಂಟಿ ಇಮೇಲಿಗೂ ಅದೇ. ವರ್ಡ್ ‘ಹಾಳಾಗಿದೆ’ ಎಂದ ಆ ನಾಲ್ಕು ಕಡತಗಳು ಹಾಳಾಗಿರಲಿಲ್ಲ, ಅವು ವರ್ಡ್ ಕಡತಗಳೇ ಆಗಿರಲಿಲ್ಲ. ನಾನು ಗುಡಿಸಿ ಎಸೆದ ರಾಶಿಯಲ್ಲಿ ಅವರ ಸಂಸಾರವಿತ್ತು.

ಸುಳ್ಳು ಹೇಳಬಹುದಿತ್ತು. ಡಿಸ್ಕ್ ಕೆಟ್ಟಿದೆ ಎಂದರೆ ಮುಗಿದೇ ಹೋಗುತ್ತಿತ್ತು, ಯಾರು ಪರೀಕ್ಷೆ ಮಾಡುತ್ತಾರೆ? ಒಂದು ಕ್ಷಣ ಆ ಮಾತು ನಾಲಗೆಯ ತುದಿಗೂ ಬಂತು. ನುಂಗಿದೆ.

“ಅಕ್ಕೋರ, ನಂದು ತಪ್ಪಾಗೇದ. ನಿಮ್ಮ ಪತ್ರಾ ನನ್ನ ಕೈಗೆ ಸಿಕ್ಕಿದ್ವು. ಕಚೇರಿ ಕಾಗದ ಅಂತ ತಿಳಕೊಂಡು ಎಲ್ಲಾ ಅಳಿಸೀನಿ.”

“ಅಳಿಸಿಬಿಟ್ಟಿ?”

“ನನ್ನ ಕಡೆ ಇದ್ದದ್ದು ಅಳಿಸೀನ್ರಿ. ಇದರಾಗ ಇನ್ನೂ ಅದಾವ. ಆದ್ರ ಇದು ಸಾಯಾಕತ್ತದ, ಒಳಗ ಟಕ್ ಟಕ್ ಅಂತದ. ಇನ್ನೊಮ್ಮೆ ಓಡಿಸಿದ್ರ ಅರ್ಧಕ್ಕಽ ನಿಂತು ಹೋದ್ರೂ ಹೋತು. ದೊಡ್ಡ ಊರಾಗ ಇದನ್ನ ಬಿಚ್ಚಿ ನೋಡೋರು ಇದ್ದಾರ. ಅಲ್ಲಿಗೆ ಕಳಸಬೇಕಂದ್ರ ಕಳಸ್ತೀನಿ. ನೀವು ಹೇಳಿದಂಗ.”

ಆಕೆ ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ನನಗೆ ಹಗುರಾಗುತ್ತಿತ್ತು. ಡಿಸ್ಕನ್ನು ಕೈಗೆತ್ತಿಕೊಂಡು ಇಬ್ಬದಿ ತಿರುಗಿಸಿ ನೋಡಿದರು.

“ಗುರ್ತಿಲ್ಲದೋರ ಕೈಗೆ ಕೊಡೂದು ಬ್ಯಾಡ. ಅವರು ಬರದದ್ದು ಯಾರ್ಯಾರೋ ಓದೂದು ನನಗ ಸೇರೂದಿಲ್ಲ. ನೀನಽ ಓಡಸು. ಆದ್ರ ನಾ ಬಾಜೂಕ ಕುಂದರ್ತೀನಿ.”

ಭಾನುವಾರ ಬೆಳಿಗ್ಗೆ ಆರಕ್ಕೇ ಅಂಗಡಿ ತೆರೆದೆವು, ಬಿಸಿಲೇರುವ ಮೊದಲು ಆದಷ್ಟು ಮುಗಿಯಲಿ ಎಂದು. ಮದುವೆಯ ವಿಡಿಯೊದವರನ್ನು ಹಿಂದಿನ ದಿನವೇ ಕರೆದು, ಬೈದು, ಅವರ ಸರಕು ಅವರಿಗೆ ದಾಟಿಸಿ ಡಿಸ್ಕ್ ಖಾಲಿ ಮಾಡಿಟ್ಟಿದ್ದೆ. ಈ ಸಲ ಹುಡುಕಾಟ ಗಿಡುಕಾಟ ಏನೂ ಇಲ್ಲ, ಬರೀ ಪ್ರತಿ ತೆಗೆಯುವುದು. ಲಿನಕ್ಸಿನಲ್ಲಿ ಒಂದು ಉಚಿತ ಉಪಕರಣವಿದೆ. ಅದು ಓದಲಾಗದ ಜಾಗದಲ್ಲಿ ಹಟ ಹಿಡಿಯದೆ ಬಿಟ್ಟು ಮುಂದೆ ಹೋಗುತ್ತದೆ, ಎಲ್ಲಿ ಬಿಟ್ಟೆನೆಂದು ಬರೆದಿಟ್ಟುಕೊಳ್ಳುತ್ತದೆ. ಹೊಸ ವಿಂಡೋಸ್ ಕೂತದ್ದು ಡಿಸ್ಕಿನ ಮೊದಲ ಭಾಗದಲ್ಲಿ, ಟಕ್ ಎಂಬ ಸದ್ದು ಬರುತ್ತಿದ್ದದ್ದೂ ಅಲ್ಲಿ ಓದುವಾಗಲೇ. ಹಾಗಾಗಿ ಕೊನೆಯಿಂದ ಹಿಂದಕ್ಕೆ ಓದಲು ಆಜ್ಞೆ ಕೊಟ್ಟೆ. ಕರೆಂಟಿನ ಭರವಸೆ ಇಲ್ಲದ್ದರಿಂದ ಎರಡು ಯುಪಿಎಸ್ ಇಟ್ಟೆ. ಡಿಸ್ಕಿಗೆ ಎದುರಾಗಿ ಟೇಬಲ್ ಫ್ಯಾನು. ನಮಗೆ ಗಾಳಿ ಇಲ್ಲ.

ಅಕ್ಕೋರು ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದಿದ್ದರು. ಮಧ್ಯಾಹ್ನ ಅದನ್ನೇ ಇಬ್ಬರೂ ಉಂಡೆವು. ಉಣ್ಣುವಾಗಲೂ ಅವರ ಕಣ್ಣು ಪರದೆಯ ಮೇಲೆ ಓಡುವ ಸಂಖ್ಯೆಗಳಲ್ಲೇ ಇತ್ತು.

“ಕೂಡಿ ಇದ್ದದ್ದು ಎಷ್ಟ್ ದಿನಾ ಅಂತ ಒಮ್ಮೆ ಎಣಿಸಿದ್ದೆ ತಂಗಿ” ಎಂದರು. “ಸೂಟಿ, ಹಬ್ಬ, ಐತವಾರ ಎಲ್ಲಾ ಹಿಡದು. ಎಣಿಸಬಾರದಿತ್ತು.”

ನನ್ನ ಮನೆಯವರು ದಿನಾ ಸಂಜೆ ಏಳಕ್ಕೆ ಮನೆಯಲ್ಲಿರುತ್ತಾರೆ. ದಿನಾ ಜಗಳವಾಡುತ್ತೇವೆ. ಇನ್ನೊಂದು ರೊಟ್ಟಿ ಮುರಿದು ಅವರ ತಟ್ಟೆಗೆ ಹಾಕಿದೆ.

ಮೂರು ಗಂಟೆಗೆ ಟಕ್ ಶುರುವಾಯಿತು. ಆಗಾಗ ಬರುತ್ತಿದ್ದುದು ಒಂದೇ ಸಮನೆ ಬಡಿಯತೊಡಗಿತು. ಮೂರೂವರೆಗೆ ಡಿಸ್ಕ್ ತಿರುಗುವುದನ್ನೇ ನಿಲ್ಲಿಸಿತು. ಬಿಚ್ಚಿ, ಅರ್ಧ ಗಂಟೆ ತಣಿಯಲು ಬಿಟ್ಟು ಮತ್ತೆ ಹಚ್ಚಿದೆ. ಏಳಲಿಲ್ಲ. ಮುಕ್ಕಾಲು ಪಾಲು ಬಂದಿತ್ತು, ಮೊದಲ ಕಾಲು ಭಾಗ ಹೋಯಿತು.

“ಸತ್ತಿತೇನು?”

“ಹೂಂರಿ.”

“ಬಂದಷ್ಟರಾಗ ನೋಡು” ಎಂದು ಸ್ಟೂಲನ್ನು ಇನ್ನೂ ಹತ್ತಿರ ಎಳೆದುಕೊಂಡರು.

ಈಗ ಪ್ರತಿಯಲ್ಲಿ ಹುಡುಕಾಟ. ತಲೆಯ ಗುರುತನ್ನು ನಂಬಿ ಒಮ್ಮೆ ಕೆಟ್ಟಿದ್ದೆ, ಈ ಸಲ ಒಳಗಿನ ಗುರುತು ಹಿಡಿದೆ. ಒಂಟಿ ಇಮೇಲ್ ಕಡತದ ಹೊಟ್ಟೆಯಲ್ಲಿ ಸಣ್ಣ ಸಣ್ಣ ಖಾನೆಗಳಿರುತ್ತವೆ: ವಿಷಯಕ್ಕೊಂದು, ಕಳಿಸಿದವರಿಗೊಂದು, ಒಕ್ಕಣೆಗೊಂದು. ಆ ಖಾನೆಗಳ ಹೆಸರೆಲ್ಲ __substg1.0_ ಎಂದು ಶುರುವಾಗುತ್ತವೆ, ಒಂದೊಂದು ಅಕ್ಷರಕ್ಕೂ ಎರಡೆರಡು ಬೈಟು. ವರ್ಡ್ ಕಡತದಲ್ಲಿ ಈ ಹೆಸರು ಇರುವುದಿಲ್ಲ. D0 CF 11 E0 ಇರುವಲ್ಲೆಲ್ಲ ಮುಂದೆ ಸ್ವಲ್ಪ ದೂರದಲ್ಲಿ 5F 00 5F 00 73 00 75 00 ಇದೆಯೇ ನೋಡು ಎಂದು ನಾಲ್ಕು ಸಾಲಿನ ಆಜ್ಞೆ ಬರೆದು ಬಿಟ್ಟೆ.

ಚಹಾ ತರಿಸುವಷ್ಟರಲ್ಲಿ ಮೊದಲನೆಯದು ಸಿಕ್ಕಿತು. ಬೈಟುಗಳನ್ನು ಹಾಗೇ ತೋರಿಸುವ ಕಿಟಕಿಯಲ್ಲಿ ತೆರೆದೆ. ಒಂದು ಸಾಲಿನಲ್ಲಿ 0C, ಒಂದು ಬಿಟ್ಟು ಮತ್ತೆ 0C, ಒಂದು ಬಿಟ್ಟು ಮತ್ತೆ 0C. ಪರದೆಯ ತುಂಬ 0C ಸಾಲುಗಟ್ಟಿ ನಿಂತಿತ್ತು.

“ಅಕ್ಕೋರ, ಇಲ್ಲಿ ನೋಡ್ರಿ. ಇದು ಕನ್ನಡ!”

“ಇದಽ? ಇವು ಬರೀ ಅಂಕಿ ಅದಾವಲ್ಲ.”

“ಕನ್ನಡದ ಅಕ್ಷರ ಎರಡು ಬೈಟಿನಾಗ ಕುಂದರ್ತಾವ್ರಿ. ಅದರಾಗ ಒಂದು ಯಾವಾಗಲೂ 0C. ಇಂಗ್ಲಿಷಿನಾಗ ಹಿಂಗ ಬರಂಗಿಲ್ಲ. ಯಾರೋ ಕುಂತು ಕನ್ನಡದಾಗ ಉದ್ದಕ್ಕ ಬರದಾರ.”

ಅಕ್ಕೋರು ಕನ್ನಡಕ ಹಾಕಿಕೊಂಡು ಆ ಅಂಕಿಗಳನ್ನೇ ಬಹಳ ಹೊತ್ತು ನೋಡಿದರು. ನಾನು ಕಡತಕ್ಕೆ .msg ಬಾಲ ಹಚ್ಚಿ ಔಟ್‌ಲುಕ್‌ನಲ್ಲಿ ತೆರೆದೆ. ಪತ್ರ ನೇರವಾಗಿ ಎದ್ದು ಬಂತು.

‘ವಿಷಯ: ಬದನೆಕಾಯಿ ಪಲ್ಯದ ಕುರಿತು. ಉಲ್ಲೇಖ: ತಮ್ಮ ನಿನ್ನೆಯ ಪತ್ರ.’

ಹೆಂಡತಿಗೆ ಬರೆಯುವ ಪತ್ರಕ್ಕೂ ವಿಷಯ, ಉಲ್ಲೇಖ! ನನಗೆ ಖೊಳ್ಳೆಂದು ನಗು ಬಂತು. ಅಕ್ಕೋರೂ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಲ್ಯಕ್ಕೆ ಉಪ್ಪು ಎರಡು ಸಲ ಬಿದ್ದಿತ್ತಂತೆ. ನೀನಿದ್ದಿದ್ದರೆ ಬೈಯುತ್ತಿದ್ದಿ ಎಂದು ನೆನೆಸಿಕೊಂಡು ಪೂರ್ತಿ ಉಂಡೆ, ಎಂದು ಬರೆದಿದ್ದರು.

ಮುಂದಿನ ಒಂದು ತಾಸಿನಲ್ಲಿ ನೂರಕ್ಕೂ ಮಿಕ್ಕಿ ಪತ್ರಗಳು ಬಂದವು. ಕೆಲವು ಅರ್ಧ ಮುರಿದಿದ್ದವು, ಕೆಲವಕ್ಕೆ ತಲೆ ಇದ್ದರೆ ಒಕ್ಕಣೆ ಇಲ್ಲ. ನಾನು ಒಕ್ಕಣೆ ಓದಲಿಲ್ಲ, ವಿಷಯದ ಖಾನೆಯನ್ನಷ್ಟೇ ಪಟ್ಟಿ ಮಾಡಿಸಿದೆ. ‘ಗೇಟು ತೆರೆದ ನೀರಿನ ಸದ್ದಿನ ಕುರಿತು.’ ‘ನಿನ್ನ ಕೆಮ್ಮಿನ ಕುರಿತು.’ ‘ಐತವಾರದ ಕುರಿತು.’ ‘ಐತವಾರದ ಕುರಿತು, ಜ್ಞಾಪನ.’ ಒಂದೊಂದನ್ನೂ ಅಕ್ಕೋರು ತುಟಿ ಅಲ್ಲಾಡಿಸಿ ಓದುತ್ತಿದ್ದರು. ಫಾರ್ಮ್ಯಾಟ್ ಹೊಡೆದರೂ ಪತ್ರ ಕಳಿಸಿದ ತಾರೀಖು ಪತ್ರದ ಒಳಗೇ ಉಳಿದಿರುತ್ತದೆ. ಅದರ ಪ್ರಕಾರ ಪಟ್ಟಿಯನ್ನು ಜೋಡಿಸಿ, ಆಕೆ ಸಿಟ್ಟಿನಿಂದ ಬರೆದ ವಾರಕ್ಕೆ ಬಂದೆ. ಸೋಮವಾರದಿಂದ ಗುರುವಾರದವರೆಗೆ ಏನೂ ಇರಲಿಲ್ಲ. ಶುಕ್ರವಾರಕ್ಕೆ ಒಂದಿತ್ತು.

‘ವಿಷಯ: ಒಟ್ಟಿಗೆ ಇರುವ ಕುರಿತು.’

“ನೀವಽ ತೆಗೀರಿ” ಎಂದು ಮೌಸನ್ನು ಅವರ ಕಡೆ ಸರಿಸಿ ಎದ್ದು ನಿಂತೆ.

“ಕುಂದರು. ಆವತ್ತೂ ತೆಗೀಲಿಲ್ಲ ನಾ, ಇವತ್ತೂ ಆಗವಲ್ದು. ನೀನಽ ಓದು.”

ಓದಿದೆ. ಅದರಲ್ಲಿ ಹೀಗಿತ್ತು:

‘ನಾಲ್ಕು ದಿನ ಯೋಚಿಸಿದೆ. ನೀನು ಶಾಲೆ ಬಿಟ್ಟು ಬರುವುದು ಬೇಡ. ಯಾದಗಿರಿಯಲ್ಲಿ ಒಂದು ಜಾಗ ಖಾಲಿ ಇರುವುದಾಗಿ ತಿಳಿದುಬಂದಿದೆ. ಅಲ್ಲಿಂದ ನಿನ್ನ ಊರಿಗೆ ದಿನಾ ಬಸ್ಸಿದೆ. ವರ್ಗಾವಣೆಯ ಅರ್ಜಿ ಬರೆದು ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ. ಆದರೆ ನಾನು ಮಾತಾಡದ ಮನುಷ್ಯ. ದಿನವೂ ಕಣ್ಣೆದುರಿಗೆ ಇದ್ದರೆ ನಿನಗೆ ಬೇಸರ ಬಂದೀತು ಎಂಬ ಅಂಜಿಕೆ ಇದೆ. ಆದ್ದರಿಂದ ನಿನ್ನ ಒಪ್ಪಿಗೆ ಬರವಣಿಗೆಯಲ್ಲಿ ಬೇಕು. ಬರ್ರಿ ಎಂದು ಒಂದು ಮಾತು ಬರೆದು ಕಳಿಸು, ಅಂದೇ ಅರ್ಜಿ ಕೊಡುತ್ತೇನೆ. ಉತ್ತರ ಬರದಿದ್ದರೆ ನಿನಗೆ ಹೀಗೆ ಇರುವುದೇ ಸರಿ ಎಂದು ತಿಳಿಯುತ್ತೇನೆ. ಮತ್ತೆ ಕೇಳಿ ನಿನ್ನನ್ನು ಮುಜುಗರ ಮಾಡುವುದಿಲ್ಲ.’

ಓದಿ ಮುಗಿಸಿದೆ. ಹೊರಗೆ ನಿಲ್ದಾಣದಲ್ಲಿ ಯಾವುದೋ ಬಸ್ಸಿನ ಕಂಡಕ್ಟರ್ ಸುರಪುರ, ಸುರಪುರ ಎಂದು ಕೂಗುತ್ತಿದ್ದ.

“ಆವತ್ತು ಫೋನ್ ಮಾಡಿದ್ರಲ್ಲ,” ಎಂದರು ಅಕ್ಕೋರು, “ಓದಿದಿ ಅಂತ ಕೇಳಿದ್ರು. ಓದೀನಿ ಅಂದೆ. ಆಮ್ಯಾಲ ಅವರು ಏನೂ ಮಾತಾಡಲಿಲ್ಲ. ಫೋನೂ ಇಡಲಿಲ್ಲ. ಲೈನ್ ಹೋಗಿರಬೇಕು ಅಂತ ನಾನಽ ಇಟ್ಟುಬಿಟ್ಟೆ ತಂಗಿ.”

ನಾನು ಅವರ ಬೆನ್ನ ಮೇಲೆ ಕೈ ಇಟ್ಟೆ. ಅವರು ಅಳಲಿಲ್ಲ. ಸ್ಟೂಲನ್ನು ಮುಂದಕ್ಕೆ ಎಳೆದುಕೊಂಡು, “ಇದಕ್ಕ ಉತ್ತರ ಬರಿಯೂದು ಎಲ್ಲಿ?” ಎಂದು ಕೇಳಿದರು.

ಆ ವಿಳಾಸ ಈಗಿಲ್ಲ, ಕಳಿಸಿದರೆ ಎಲ್ಲಿಗೂ ಹೋಗುವುದಿಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿದೆ. ಉತ್ತರಿಸುವ ಗುಂಡಿ ಒತ್ತಿ ಖಾಲಿ ಹಾಳೆ ತೆರೆದುಕೊಟ್ಟು, ಕೀಲಿಮಣೆಯನ್ನು ಕನ್ನಡಕ್ಕೆ ಬದಲಿಸಿದೆ. ಅವರು ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ಒಮ್ಮೆ ತಪ್ಪಿತು, ಅಳಿಸಿ ಮತ್ತೆ ಒತ್ತಿದರು.

ಬರ್ರಿ.

“ಇಷ್ಟಽ ಕೇಳಿದ್ರು ನೋಡು” ಎಂದರು.